ಕಪ್ ನಮ್ದೇ, ಸರಿ. ತಂಡ ಯಾರದು?

ಒಂದು ಸಣ್ಣ ಪ್ರಶ್ನೆ ಕೇಳ್ತೀನಿ. ನಿಮ್ಮ ಮನೆ ಪಕ್ಕದ ಹೋಟೆಲಿನಲ್ಲಿ ಸತತ ಎರಡು ದಿನ ಸಾಂಬಾರು ಹಳಸಿದ್ದರೆ ಮೂರನೇ ದಿನ ಏನು ಮಾಡ್ತೀರಿ? ಎದುರಿನ ಹೋಟೆಲಿಗೆ ಹೋಗ್ತೀರಿ. ಮೊಬೈಲ್ ನೆಟ್‌ವರ್ಕ್ ಕೈಕೊಟ್ಟರೆ ನಂಬರ್ ಪೋರ್ಟ್ ಮಾಡಿಸ್ತೀರಿ. ನನ್ನ ಚಾನೆಲ್ ಬೇಜಾರಾದರೆ ರಿಮೋಟ್ ಒತ್ತಿ ಪಕ್ಕದ ಚಾನೆಲ್‌ಗೆ ಹೋಗ್ತೀರಿ. ಅದಕ್ಕೆ ನನ್ನ ಅನುಮತಿಯನ್ನೇನೂ ಕೇಳೋದಿಲ್ಲ. ಹಾಗಿದ್ದ ಮೇಲೆ ಹದಿನೇಳು ಸೀಸನ್ ಕಪ್ ಗೆಲ್ಲದ ತಂಡವೊಂದನ್ನು ಬಿಟ್ಟು ಬೇರೆ ತಂಡದ ಕಡೆ ಯಾಕೆ ಹೋಗಲಿಲ್ಲ?

ರಾಯಲ್ ಚಾಲೆಂಜರ್ಸ್ ವಿಷಯವನ್ನೇ ಹೇಳ್ತಿದ್ದೀನಿ. 2009ರ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್‌ಗಳಿಂದ ಸೋಲು. 2011ರ ಫೈನಲ್‌ನಲ್ಲಿ ಚೆನ್ನೈ ಎದುರು ಸೋಲು. 2016ರಲ್ಲಿ ನಮ್ಮದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ನಮ್ಮದೇ ಜನರ ಕಣ್ಣೆದುರು ಹೈದರಾಬಾದ್‌ಗೆ ಕೇವಲ 8 ರನ್‌ಗಳಿಂದ ಶರಣು. ಮರು ವರ್ಷ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್, ಪಾಯಿಂಟ್ ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. 2019ರಲ್ಲಿ ಮತ್ತೆ ಕಟ್ಟಕಡೆಯ ಸ್ಥಾನ. ಇಷ್ಟೆಲ್ಲ ಆದ ಮೇಲೂ ಪ್ರತಿ ಮಾರ್ಚ್ ಬಂತು ಅಂದ್ರೆ ಅದೇ ಕೆಂಪು ಜೆರ್ಸಿ, ಅದೇ ಘೋಷಣೆ: ಈ ಸಲ ಕಪ್ ನಮ್ದೇ.

ದೇಶವೆಲ್ಲ ಈ ಘೋಷಣೆಯನ್ನು ಗೇಲಿ ಮಾಡಿತು. ನಾವೂ ಮಾಡಿದೆವು. ನಮ್ಮನ್ನು ನಾವೇ ಗೇಲಿ ಮಾಡಿಕೊಂಡು, ಮತ್ತೆ ಟಿಕೆಟ್ ಸಾಲಿನಲ್ಲಿ ನಿಂತೆವು.

ಇದನ್ನು ನಾವು ಪ್ರೀತಿ ಅಂತೀವಿ, ಹುಚ್ಚು ಅಂತೀವಿ, ಅಭಿಮಾನ ಅಂತೀವಿ. ವ್ಯಾಪಾರ ಮಾಡುವವರ ಲೆಕ್ಕದಲ್ಲಿ ಇದರ ಹೆಸರೇ ಬೇರೆ. ಏನು ಮಾಡಿದರೂ ಬಿಟ್ಟು ಹೋಗದ ಗಿರಾಕಿ! ಜಗತ್ತಿನ ಯಾವ ಅಂಗಡಿಗೂ ಇಂಥ ಗಿರಾಕಿ ಸಿಗೋದಿಲ್ಲ. ಸೋಪು ಮಾರೋರಿಗೆ ಸಿಗೋದಿಲ್ಲ, ಕಾರು ಮಾರೋರಿಗೆ ಸಿಗೋದಿಲ್ಲ. ಕ್ರೀಡಾ ತಂಡದ ಮಾಲೀಕನಿಗೆ ಮಾತ್ರ ಸಿಗ್ತಾನೆ.

ಆಲ್ಬರ್ಟ್ ಹಿರ್ಷ್‌ಮನ್ ಅಂತ ಒಬ್ಬ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಪುಸ್ತಕ ಬರೆದರು. ಯಾವುದೇ ಸಂಸ್ಥೆ ಹದಗೆಟ್ಟಾಗ ಅದರ ಜನರಿಗೆ ಎರಡು ದಾರಿ ಇರುತ್ತವೆ ಅನ್ನೋದು ಅವರ ವಾದ. ಒಂದು, ಎದ್ದು ಹೋಗೋದು. ಇನ್ನೊಂದು, ಅಲ್ಲೇ ಇದ್ದು ದನಿ ಎತ್ತೋದು. ನಿಷ್ಠೆ ಇದ್ದವನು ಸುಲಭಕ್ಕೆ ಎದ್ದು ಹೋಗುವುದಿಲ್ಲ. ಹಾಗಾಗಿ ಅವನಿಗೆ ದನಿ ಇರಲೇಬೇಕು. ಈಗ ನಮ್ಮ ಕ್ರಿಕೆಟ್ ಅಭಿಮಾನಿಯನ್ನು ನೋಡಿ. ಎದ್ದು ಹೋಗೋಕೆ ಮನಸ್ಸು ಬರಲ್ಲ, ದನಿ ಎತ್ತೋಕೆ ಜಾಗ ಇಲ್ಲ. ಗ್ಯಾಲರಿಯಲ್ಲಿ ಎಷ್ಟು ಬೇಕಾದರೂ ಕೂಗಬಹುದು, ಆದರೆ ಆ ಕೂಗು ಮಾಲೀಕರ ಸಭೆಯ ಕೋಣೆ ತಲುಪೋದಿಲ್ಲ.

ಮನಸ್ಸು ಯಾಕೆ ಬರಲ್ಲ? ಇದಕ್ಕೂ ಅಧ್ಯಯನ ನಡೆದಿದೆ. ರಾಬರ್ಟ್ ಸಿಯಾಲ್ಡಿನಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ವಾರಾಂತ್ಯದ ಫುಟ್‌ಬಾಲ್ ಪಂದ್ಯ ಗೆದ್ದ ಮೇಲೆ ಸೋಮವಾರ ಎಷ್ಟು ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆ ಹಾಕಿಕೊಂಡು ಬರ್ತಾರೆ ಅಂತ ಎಣಿಸಿದರು. ಗೆದ್ದ ವಾರ ಜಾಸ್ತಿ, ಸೋತ ವಾರ ಕಡಿಮೆ. ಇನ್ನೂ ಸ್ವಾರಸ್ಯದ ಸಂಗತಿ ಅಂದ್ರೆ ಅವರ ಮಾತು. ಗೆದ್ದಾಗ "ನಾವು ಗೆದ್ವಿ", ಸೋತಾಗ "ಅವರು ಸೋತರು". ಇದು ಎಲ್ಲ ಕಡೆ ಇರುವ ಮನುಷ್ಯ ಸ್ವಭಾವ. ಆದರೆ ನಮ್ಮ ಆರ್‌ಸಿಬಿ ಅಭಿಮಾನಿ ಸೋತಾಗಲೂ "ನಾವು ಸೋತ್ವಿ ಗುರು" ಅಂದ! ಹದಿನೇಳು ಸೀಸನ್ ಅಂದ. ಈ "ನಾವು" ಅನ್ನೋ ಒಂದು ಪದದ ಮೇಲೆ ಇಡೀ ಉದ್ಯಮ ನಿಂತಿದೆ.

ಇಲ್ಲಿ ಒಂದು ವಿಷಯ ಯೋಚಿಸಿ. ನಾವು ನಿಷ್ಠರಾಗಿರೋದು ಯಾವುದಕ್ಕೆ? ಆಟಗಾರರಿಗೆ ಅನ್ನೋಣ ಅಂದ್ರೆ ಕೆಲವು ವರ್ಷಕ್ಕೊಮ್ಮೆ ಮೆಗಾ ಹರಾಜು ಬರುತ್ತೆ, ಬೆರಳೆಣಿಕೆಯ ಮಂದಿ ಬಿಟ್ಟರೆ ತಂಡವೇ ಹೊಸದಾಗುತ್ತೆ. ಕೋಚ್ ಬದಲಾಗ್ತಾರೆ, ನಾಯಕ ಬದಲಾಗ್ತಾರೆ. ಮೈದಾನವೂ ಫ್ರಾಂಚೈಸಿಯದ್ದಲ್ಲ, ಅದನ್ನು ನಡೆಸೋದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ. ಹಾಗಾದರೆ ಉಳಿಯೋದೇನು? ಒಂದು ಹೆಸರು, ಒಂದು ಬಣ್ಣ, ಒಂದು ಊರು. ಆ ಹೆಸರು ಮತ್ತು ಲಾಂಛನ ಕಾನೂನಿನ ಪ್ರಕಾರ ಮಾಲೀಕನ ಸ್ವತ್ತು. ಊರು ಮಾತ್ರ ನಮ್ಮದು.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. 2008ರಲ್ಲಿ ವಿಜಯ್ ಮಲ್ಯ ಬೆಂಗಳೂರು ತಂಡವನ್ನು ಕೊಂಡಿದ್ದು 11.16 ಕೋಟಿ ಡಾಲರ್‌ಗೆ. ಆಗಿನ ವಿನಿಮಯ ದರದಲ್ಲಿ ಸುಮಾರು 450 ಕೋಟಿ ರೂಪಾಯಿ. ತಂಡಕ್ಕೆ ಹೆಸರಿಟ್ಟಿದ್ದು ತಮ್ಮ ಕಂಪನಿಯ ವಿಸ್ಕಿಯ ನೆನಪಿಗೆ. ಊರಿನ ಹೆಸರು ಬಂದದ್ದು ಆಮೇಲೆ, ವಿಸ್ಕಿ ಹೆಸರು ಮೊದಲು! 2021ರಲ್ಲಿ ಲಕ್ನೋ ತಂಡ ಹರಾಜಾಯಿತಲ್ಲ, ಅದು ಹೋಗಿದ್ದು 7,090 ಕೋಟಿ ರೂಪಾಯಿಗೆ. ನೆನಪಿರಲಿ, ಆ ಹೊತ್ತಿಗೆ ಆ ತಂಡದಲ್ಲಿ ಒಬ್ಬ ಆಟಗಾರನೂ ಇರಲಿಲ್ಲ, ಒಂದು ಹೆಸರೂ ಇರಲಿಲ್ಲ. ಖಾಲಿ ಪೆಟ್ಟಿಗೆಗೆ ಏಳು ಸಾವಿರ ಕೋಟಿ.

ಯಾಕೆ ಇಷ್ಟು ಬೆಲೆ? 2023ರಿಂದ 2027ರವರೆಗಿನ ಐದು ವರ್ಷಕ್ಕೆ ಐಪಿಎಲ್ ಪ್ರಸಾರ ಹಕ್ಕು ಮಾರಾಟವಾಗಿದ್ದು 48,390 ಕೋಟಿ ರೂಪಾಯಿಗೆ. ಈ ಹಣದಲ್ಲಿ ದೊಡ್ಡ ಪಾಲು ತಂಡಗಳಿಗೆ ಹಂಚಿಕೆಯಾಗುತ್ತೆ. ತಂಡ ಮೊದಲ ಸ್ಥಾನದಲ್ಲಿರಲಿ, ಕಟ್ಟಕಡೆಯಲ್ಲಿರಲಿ, ಆ ಪಾಲು ಬಂದೇ ಬರುತ್ತೆ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಕೊನೆಯ ಮೂರು ಸ್ಥಾನಕ್ಕೆ ಬಿದ್ದ ತಂಡ ಕೆಳಗಿನ ಲೀಗ್‌ಗೆ ಇಳಿಯಬೇಕು, ಆದಾಯ ಕುಸಿಯುತ್ತೆ, ಮಾಲೀಕನಿಗೆ ನಿದ್ದೆ ಬರಲ್ಲ. ಐಪಿಎಲ್‌ನಲ್ಲಿ ಕೆಳಗೆ ಬೀಳೋ ಭಯವೇ ಇಲ್ಲ. ಸೋಲಿನ ನೋವು ಅಭಿಮಾನಿಗೆ, ಆದಾಯದ ಖಾತ್ರಿ ಮಾಲೀಕನಿಗೆ.

ಟಿವಿಯಲ್ಲಿ ಕೆಲಸ ಮಾಡುವವನಾಗಿ ಇನ್ನೊಂದು ಮಾತು ಹೇಳ್ತೀನಿ. ಸ್ಟ್ಯಾಂಡ್‌ನಲ್ಲಿ ಕೂತ ಪ್ರೇಕ್ಷಕ ಈಗ ಆದಾಯದ ಮುಖ್ಯ ಮೂಲ ಅಲ್ಲ. ಅವನು ದೃಶ್ಯದ ಭಾಗ. ಖಾಲಿ ಗ್ಯಾಲರಿಯ ಮುಂದೆ ಆಡಿದ ಪಂದ್ಯ ಪರದೆಯ ಮೇಲೆ ಎಷ್ಟು ನೀರಸವಾಗಿ ಕಾಣುತ್ತೆ ಅಂತ ಕೊರೊನಾ ಕಾಲದಲ್ಲಿ ಎಲ್ಲರೂ ನೋಡಿದ್ದೀವಿ. ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗ, ಕೈಯಲ್ಲಿ ಬರೆದ ಪೋಸ್ಟರ್ ಹಿಡಿದ ಹುಡುಗಿ, ಅಜ್ಜನ ಹೆಗಲ ಮೇಲಿನ ಮಗು, ಇವರಿಲ್ಲದೆ ಪ್ರಸಾರಕ್ಕೆ ಕಳೆ ಇಲ್ಲ. ಸಿನಿಮಾದಲ್ಲಿ ಜೂನಿಯರ್ ಆರ್ಟಿಸ್ಟ್‌ಗೆ ದಿನಗೂಲಿ ಕೊಡ್ತಾರೆ. ಇಲ್ಲಿ ಪ್ರೇಕ್ಷಕನೇ ಸಾವಿರಾರು ರೂಪಾಯಿ ಕೊಟ್ಟು ಆ ಕೆಲಸ ಮಾಡಿ ಬರ್ತಾನೆ. 2025ರ ಸೆಪ್ಟೆಂಬರ್‌ನಿಂದ ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 40ಕ್ಕೆ ಏರಿದೆ. ಸಾವಿರ ರೂಪಾಯಿ ಟಿಕೆಟ್‌ಗೆ ನಾನೂರು ರೂಪಾಯಿ ತೆರಿಗೆ.

ಇನ್ನು ಮಾಲೀಕನಿಗೆ ಊರೇ ಬೇಡ ಅನ್ನಿಸಿದರೆ? ಏನಾಗುತ್ತೆ ಅಂತ ತಿಳಿಯೋಕೆ ನಿಮ್ಮನ್ನು ನ್ಯೂಯಾರ್ಕ್‌ನ ಬ್ರೂಕ್ಲಿನ್‌ಗೆ ಕರೆದೊಯ್ಯಬೇಕು. ಅಲ್ಲಿ ಡಾಡ್ಜರ್ಸ್ ಅಂತ ಒಂದು ಬೇಸ್‌ಬಾಲ್ ತಂಡ ಇತ್ತು. 1941, 1947, 1949, 1952, 1953, ಐದು ಸಲ ಫೈನಲ್ ತಲುಪಿ ಐದೂ ಸಲ ಪಕ್ಕದ ಯಾಂಕೀಸ್ ತಂಡದ ಕೈಲಿ ಸೋತಿತು. ಅಲ್ಲಿನ ಅಭಿಮಾನಿಗಳಿಗೂ ಒಂದು ಘೋಷಣೆ ಇತ್ತು: ಮುಂದಿನ ವರ್ಷ ನೋಡ್ಕೋತೀವಿ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? 1955ರಲ್ಲಿ ಕೊನೆಗೂ ಅದೇ ಯಾಂಕೀಸನ್ನು ಸೋಲಿಸಿ ಗೆದ್ದರು. ಬ್ರೂಕ್ಲಿನ್ ಬೀದಿಗೆ ಬಂದು ಕುಣಿಯಿತು.

ಎರಡೇ ವರ್ಷ. 1957ರ ಸೀಸನ್ ಮುಗಿಯುತ್ತಿದ್ದಂತೆ ಮಾಲೀಕ ವಾಲ್ಟರ್ ಓಮ್ಯಾಲಿ ತಂಡವನ್ನು ಎತ್ತಿಕೊಂಡು ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸ್‌ಗೆ ಹೊರಟೇ ಬಿಟ್ಟರು. ಹೊಸ ಕ್ರೀಡಾಂಗಣಕ್ಕೆ ಅವರು ಕೇಳಿದ ಜಾಗ ಬ್ರೂಕ್ಲಿನ್‌ನಲ್ಲಿ ಸಿಗಲಿಲ್ಲ, ಲಾಸ್ ಏಂಜಲೀಸ್ ಕೊಟ್ಟಿತು. ವ್ಯಾಪಾರದ ಲೆಕ್ಕದಲ್ಲಿ ಅವರ ನಡೆಯನ್ನು ಸಮರ್ಥಿಸುವವರು ಇವತ್ತಿಗೂ ಇದ್ದಾರೆ. ಆದರೆ ಹೋಗುವ ಮುನ್ನ ಬ್ರೂಕ್ಲಿನ್ ಜನರನ್ನು ಕೇಳಬೇಕಾದ ಅಗತ್ಯ ಅವರಿಗೆ ಇರಲಿಲ್ಲ. 1960ರಲ್ಲಿ ಆ ಹಳೆಯ ಮೈದಾನವನ್ನು ಕೆಡವಿ ಹಾಕಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಇದೇ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಇನ್ನೂ ವಿಚಿತ್ರ ನಡೆಯಿತು. 1984ರ ಮಾರ್ಚ್ ತಿಂಗಳ ಒಂದು ರಾತ್ರಿ ಕೋಲ್ಟ್ಸ್ ಎಂಬ ಫುಟ್‌ಬಾಲ್ ತಂಡದ ಸಾಮಾನುಗಳನ್ನೆಲ್ಲ ಲಾರಿಗಳಿಗೆ ತುಂಬಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿದರು. ಬಾಡಿಗೆ ಕಟ್ಟದೆ ರಾತ್ರೋರಾತ್ರಿ ಮನೆ ಖಾಲಿ ಮಾಡೋರ ಥರ. ಬೆಳಗ್ಗೆ ಎದ್ದ ಊರಿಗೆ ತಂಡವೇ ಇಲ್ಲ! ತಂಡದ ಅಭಿಮಾನಿ ಬ್ಯಾಂಡ್ ಮಾತ್ರ ಚೆದುರಲಿಲ್ಲ. ಊರಿಗೆ ಮತ್ತೊಂದು ತಂಡ ಬರುವವರೆಗೆ ಹನ್ನೆರಡು ವರ್ಷ ತಂಡವಿಲ್ಲದೆಯೇ ನುಡಿಸುತ್ತಾ ಇತ್ತು. ಆ ಮತ್ತೊಂದು ತಂಡ ಎಲ್ಲಿಂದ ಬಂತು ಗೊತ್ತಾ? ಕ್ಲೀವ್‌ಲ್ಯಾಂಡ್ ಊರಿನಿಂದ ಕಿತ್ತು ತಂದದ್ದು. ಒಂದು ಊರಿನ ಕಣ್ಣೀರು ಒರೆಸೋಕೆ ಇನ್ನೊಂದು ಊರಿಗೆ ಕಣ್ಣೀರು. ಕ್ಲೀವ್‌ಲ್ಯಾಂಡ್ ಜನ ಸುಮ್ಮನಿರಲಿಲ್ಲ, ಹೋರಾಡಿ ಬ್ರೌನ್ಸ್ ಎಂಬ ಹೆಸರು, ಬಣ್ಣ, ಚರಿತ್ರೆ ಮೂರನ್ನೂ ಊರಿಗೇ ಉಳಿಸಿಕೊಂಡರು. 1999ರಲ್ಲಿ ಅದೇ ಹೆಸರಿನಲ್ಲಿ ಹೊಸ ತಂಡ ಕಟ್ಟಿದರು.

ಅದು ಅಮೆರಿಕ, ನಮ್ಮಲ್ಲಿ ಹಾಗಾಗಲ್ಲ ಅಂತೀರಾ? 2009ರ ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದ ಡೆಕ್ಕನ್ ಚಾರ್ಜರ್ಸ್ ಈಗ ಎಲ್ಲಿದೆ? 2012ರಲ್ಲಿ ಬಿಸಿಸಿಐ ಆ ಫ್ರಾಂಚೈಸಿಯನ್ನೇ ರದ್ದು ಮಾಡಿತು. ಹೈದರಾಬಾದ್‌ನ ಅಭಿಮಾನಿ ಹಳೇ ಜೆರ್ಸಿ ಮಡಿಚಿಟ್ಟು ಸನ್‌ರೈಸರ್ಸ್ ಎಂಬ ಹೊಸ ಹೆಸರಿಗೆ ಕೂಗೋದನ್ನು ಕಲಿಯಬೇಕಾಯಿತು. ಕೊಚ್ಚಿ ಟಸ್ಕರ್ಸ್ ಬಾಳಿದ್ದು ಒಂದೇ ಸೀಸನ್. ಪುಣೆ ವಾರಿಯರ್ಸ್ ಮೂರು ಸೀಸನ್. ಮಾಲೀಕರು ಮತ್ತು ಮಂಡಳಿ ಬ್ಯಾಂಕ್ ಗ್ಯಾರಂಟಿ ವಿಚಾರವಾಗಿ ಕೋರ್ಟಿನಲ್ಲಿ ಜಗಳವಾಡಿದರು. ಅಭಿಮಾನಿ ಆ ಜಗಳದಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಅವನ ಹೆಸರು ಯಾವ ಕಡತದಲ್ಲೂ ಇಲ್ಲ.

ಈಗ 2025ರ ಜೂನ್‌ಗೆ ಬರಲೇಬೇಕು.

ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಆರ್‌ಸಿಬಿ ಕಪ್ ಎತ್ತಿತು. ಹದಿನೆಂಟನೇ ಸೀಸನ್, ಹದಿನೆಂಟನೇ ನಂಬರಿನ ಜೆರ್ಸಿಯ ವಿರಾಟ್ ಕೊಹ್ಲಿ ಕಣ್ಣಲ್ಲಿ ನೀರು. ಬೆಂಗಳೂರು ಆ ರಾತ್ರಿ ಮಲಗಲಿಲ್ಲ. ಬೆಳಗಾಗುತ್ತಿದ್ದಂತೆ ತಂಡದ ಸಾಮಾಜಿಕ ಜಾಲತಾಣದ ಖಾತೆಗಳಲ್ಲಿ ಪ್ರಕಟಣೆ ಬಂತು: ಇವತ್ತೇ ವಿಜಯೋತ್ಸವ ಮೆರವಣಿಗೆ, ವಿಧಾನಸೌಧದಿಂದ ಚಿನ್ನಸ್ವಾಮಿಗೆ, ಬನ್ನಿ. ಈ ಮೆರವಣಿಗೆಗೆ ಪೊಲೀಸ್ ಅನುಮತಿ ಇರಲಿಲ್ಲ ಅಂತ ಆಮೇಲೆ ರಾಜ್ಯ ಸರ್ಕಾರವೇ ಹೈಕೋರ್ಟ್‌ಗೆ ಹೇಳಿತು. ಚಿನ್ನಸ್ವಾಮಿಯಲ್ಲಿ ಕೂರಬಹುದಾದವರು ಸುಮಾರು 35 ಸಾವಿರ. ಬಂದವರು ಲಕ್ಷಗಟ್ಟಲೆ. ಪಾಸ್ ಬೇಕಾ ಬೇಡವಾ, ಯಾವ ಗೇಟು ತೆಗೆಯುತ್ತೆ, ಯಾವಾಗ ತೆಗೆಯುತ್ತೆ, ಬಂದವರಿಗೆ ಸ್ಪಷ್ಟವಾಗಿ ಹೇಳುವವರೇ ಇರಲಿಲ್ಲ. ಗೇಟಿನ ಬಳಿ ಕಾಲ್ತುಳಿತವಾಯಿತು. 11 ಜನ ಸತ್ತರು. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು.

ಆ ಮಧ್ಯಾಹ್ನ ಸುದ್ದಿಮನೆಯಲ್ಲಿ ನನ್ನ ಎದುರು ಎರಡು ದೃಶ್ಯ ಅಕ್ಕಪಕ್ಕ ಓಡುತ್ತಿದ್ದವು. ಒಂದರಲ್ಲಿ ಕ್ರೀಡಾಂಗಣದ ಒಳಗೆ ಕಪ್ ಹಿಡಿದ ಆಟಗಾರರು. ಇನ್ನೊಂದರಲ್ಲಿ ಗೇಟಿನ ಹೊರಗೆ ಚೆಲ್ಲಾಪಿಲ್ಲಿಯಾದ ಚಪ್ಪಲಿಗಳು, ಯಾರದೋ ಮಗನನ್ನು ಹೊತ್ತು ಓಡುತ್ತಿದ್ದ ಪೊಲೀಸರು. ಎರಡರ ನಡುವೆ ಒಂದು ಗೋಡೆಯಷ್ಟೇ ಅಂತರ. ಮಾಲೀಕ ಮತ್ತು ಅಭಿಮಾನಿಯ ಸಂಬಂಧ ಏನು ಅಂತ ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಆ ಗೋಡೆಯೇ ನೆನಪಾಗುತ್ತೆ.

ಸತ್ತವರಲ್ಲಿ ಹೆಚ್ಚಿನವರು ಹುಡುಗರು, ಹುಡುಗಿಯರು. 2008ರಲ್ಲಿ ಐಪಿಎಲ್ ಶುರುವಾದಾಗ ಇನ್ನೂ ಶಾಲೆಯ ಮೆಟ್ಟಿಲು ಹತ್ತದವರೂ ಇದ್ದರು. ಆ ತಂಡ ಸೋಲೋದನ್ನೇ ನೋಡುತ್ತಾ ಬೆಳೆದು, ಗೆದ್ದ ಮರುದಿನ ಕಣ್ಣಾರೆ ನೋಡೋಣ ಅಂತ ಬಂದವರು.

ಆಮೇಲೆ ನಡೆದದ್ದು ನಮಗೆ ಚೆನ್ನಾಗಿ ಪರಿಚಯವಿರುವ ಆಟ. ಸರ್ಕಾರ ಫ್ರಾಂಚೈಸಿ ಕಡೆ ಬೆರಳು ತೋರಿತು. ಫ್ರಾಂಚೈಸಿ, ಕ್ರಿಕೆಟ್ ಸಂಸ್ಥೆ, ಕಾರ್ಯಕ್ರಮ ಆಯೋಜಿಸಿದವರು, ಎಲ್ಲರೂ ಕೋರ್ಟ್ ಮೆಟ್ಟಿಲು ಹತ್ತಿದರು. ನಗರದ ಪೊಲೀಸ್ ಕಮಿಷನರ್ ಅಮಾನತಾದರು. ಅದೇ ದಿನ ವಿಧಾನಸೌಧದ ಮೆಟ್ಟಿಲ ಮೇಲೆ ತಂಡಕ್ಕೆ ಸನ್ಮಾನ ಇಟ್ಟುಕೊಂಡದ್ದು ಇದೇ ಸರ್ಕಾರ ಅನ್ನೋದನ್ನೂ ಮರೆಯೋ ಹಾಗಿಲ್ಲ. ಜುಲೈನಲ್ಲಿ ಕೇಂದ್ರ ಆಡಳಿತ ನ್ಯಾಯಮಂಡಳಿ, ಲಕ್ಷಾಂತರ ಜನ ಸೇರಲು ಮೇಲ್ನೋಟಕ್ಕೆ ಆರ್‌ಸಿಬಿಯೇ ಕಾರಣ ಎಂದಿತು. ಆರ್‌ಸಿಬಿ ಅದನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. ಯಾರದು ಎಷ್ಟು ತಪ್ಪು ಅನ್ನೋದನ್ನು ನ್ಯಾಯಾಲಯ ತೀರ್ಮಾನಿಸಲಿ, ಅದು ನನ್ನ ಕೆಲಸ ಅಲ್ಲ.

ನಾನು ಕೇಳೋದು ಇಷ್ಟೇ. ಟಿಕೆಟ್ ಮಾರುವಾಗ ಪ್ರತಿ ಸೀಟಿಗೂ ನಂಬರ್ ಇರುತ್ತೆ. ಬಾರ್‌ಕೋಡ್ ಇರುತ್ತೆ, ಗೇಟಿನ ಹೆಸರು, ಸ್ಟ್ಯಾಂಡಿನ ಹೆಸರು ಇರುತ್ತೆ, ನೀರಿನ ಬಾಟಲಿ ತರಬೇಡಿ ಅನ್ನೋ ಸೂಚನೆಯೂ ಇರುತ್ತೆ. ದುಡ್ಡು ಬರುವಾಗ ಇಷ್ಟು ಅಚ್ಚುಕಟ್ಟು. ಪುಕ್ಕಟೆಯಾಗಿ ಪ್ರೀತಿ ತೋರಿಸೋಕೆ ಬಂದವರಿಗೆ ಮಾತ್ರ ಲೆಕ್ಕವೂ ಇಲ್ಲ, ಸಾಲೂ ಇಲ್ಲ ಅಂದ್ರೆ ಏನರ್ಥ? ಮರುದಿನ ಫ್ರಾಂಚೈಸಿ ಪ್ರತಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಘೋಷಿಸಿತು. ಅದರ ಖಾತೆಗಳು ಸುಮಾರು ಮೂರು ತಿಂಗಳು ಮೌನವಾಗಿದ್ದವು. ಆಗಸ್ಟ್ ಕೊನೆಯಲ್ಲಿ ಮತ್ತೆ ಮಾತಾಡಿದಾಗ ಮೊತ್ತ 25 ಲಕ್ಷವಾಯಿತು. ಕೊಟ್ಟಿದ್ದನ್ನು ಹಳಿಯೋದಿಲ್ಲ, ಕೊಡಬೇಕಾಗಿತ್ತು, ಕೊಟ್ಟರು. ಆದರೆ ಆ ಮನೆಗಳಿಗೆ ಬೇಕಾಗಿದ್ದ ಉತ್ತರ ಚೆಕ್ಕಿನಲ್ಲಿ ಬರೆಯುವಂಥದ್ದಲ್ಲ. ಇನ್ನೊಂದು ಕಡೆ, ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ಬೇರೆ ಊರುಗಳ ಪಾಲಾದವು. ಹರ್ಮನ್‌ಪ್ರೀತ್ ಕೌರ್ ಪಡೆ ವಿಶ್ವಕಪ್ ಎತ್ತಿದ ಆ ಟೂರ್ನಿಯ ಒಂದೇ ಒಂದು ಪಂದ್ಯ ಚಿನ್ನಸ್ವಾಮಿಯಲ್ಲಿ ನಡೆಯಲಿಲ್ಲ. ಆ ನಷ್ಟವನ್ನೂ ಹೊತ್ತವನು ಅಭಿಮಾನಿಯೇ.

ಅದೇ ವರ್ಷ ನವೆಂಬರ್ 5ರಂದು ಇನ್ನೊಂದು ಸುದ್ದಿ ಬಂತು. ತಂಡದ ಒಡೆತನ ಆಗ ಡಿಯಾಜಿಯೊ ಎಂಬ ಬ್ರಿಟಿಷ್ ಮದ್ಯ ಕಂಪನಿಯ ಹಿಡಿತದಲ್ಲಿರುವ ಯುನೈಟೆಡ್ ಸ್ಪಿರಿಟ್ಸ್‌ನದು. ಆರ್‌ಸಿಬಿಯಲ್ಲಿ ತಾನು ಹೂಡಿರುವ ಹಣದ ಬಗ್ಗೆ ಮರುಪರಿಶೀಲನೆ ನಡೆಸುತ್ತಿದ್ದೇನೆ, 2026ರ ಮಾರ್ಚ್ 31ರೊಳಗೆ ಅದು ಮುಗಿಯುತ್ತೆ ಅಂತ ಆ ಕಂಪನಿ ಷೇರುಪೇಟೆಗೆ ತಿಳಿಸಿತು. ತಂಡ ಬೆಲೆಬಾಳುವಂಥದ್ದೇ, ಆದರೆ ಮದ್ಯದ ವ್ಯಾಪಾರ ಮಾಡುವ ನಮಗೆ ಅದು ಮುಖ್ಯ ವ್ಯವಹಾರ ಅಲ್ಲ ಎಂಬ ಅರ್ಥದ ಮಾತು ಬಂತು. ಕಂಪನಿಯ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪೇನಿಲ್ಲ. ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದವರು ಹಾಗೇ ಮಾತಾಡ್ತಾರೆ. ಆದರೆ ನಮ್ಮ ಕಡೆಯಿಂದ ಒಮ್ಮೆ ನೋಡಿ. ಹನ್ನೊಂದು ಮನೆಗಳಲ್ಲಿ ಮಕ್ಕಳ ಫೋಟೋಗೆ ಹಾರ ಬಿದ್ದದ್ದು ಯಾವ ತಂಡಕ್ಕಾಗಿಯೋ, ಅದು ಅದರ ಆಗಿನ ಒಡೆಯರಿಗೆ ಮುಖ್ಯ ವ್ಯವಹಾರವೇ ಆಗಿರಲಿಲ್ಲ!

ಮಾರಲಿ, ಕೊಳ್ಳಲಿ. ಆದರೆ ಅಲ್ಲಿ ಮಾರಾಟಕ್ಕಿರೋದು ಏನು? ಬ್ಯಾಟಲ್ಲ, ಬಸ್ಸಲ್ಲ, ಮೈದಾನವಂತೂ ಅಲ್ಲವೇ ಅಲ್ಲ. 450 ಕೋಟಿಯ ತಂಡಕ್ಕೆ ಇವತ್ತು ಸಾವಿರಾರು ಕೋಟಿ ಬೆಲೆ ಬಂದಿದ್ದರೆ, ಪ್ರಸಾರ ಹಕ್ಕು ಎಲ್ಲ ತಂಡಗಳ ಬೆಲೆಯನ್ನೂ ಏರಿಸಿದೆ, ನಿಜ. ಆದರೆ ಹದಿನೇಳು ಸೀಸನ್ ಕಪ್ ಗೆಲ್ಲದ ತಂಡವನ್ನು ದೇಶದ ಅತಿ ಹೆಚ್ಚು ಜನಪ್ರಿಯ ತಂಡಗಳಲ್ಲೊಂದನ್ನಾಗಿ ಉಳಿಸಿದ್ದು ಯಾರು? ಗಿಣಿ ಸಾಕಿದವರು ನಾವು. ಅದನ್ನು ಯಾರ ಕೈಗೆ ಕೊಡ್ತಾರೆ ಅನ್ನೋದನ್ನು ಟಿವಿಯಲ್ಲಿ ನೋಡಿ ತಿಳಿದುಕೊಳ್ಳಬೇಕು.

ಹಾಗಾದರೆ ಬೇರೆ ದಾರಿ ಇಲ್ವಾ ಅಂತ ಕೇಳ್ತೀರಿ. ಇದೆ.

ಜರ್ಮನಿಯಲ್ಲಿ ಒಂದು ನಿಯಮ ಇದೆ. ಅಲ್ಲಿ ಕೆಲವೇ ಅಪವಾದಗಳನ್ನು ಬಿಟ್ಟರೆ ಫುಟ್‌ಬಾಲ್ ಕ್ಲಬ್‌ನ ಅರ್ಧಕ್ಕಿಂತ ಹೆಚ್ಚು ಮತ ಅದರ ಸದಸ್ಯರ ಕೈಯಲ್ಲೇ ಇರಬೇಕು. ಹಣ ಹೂಡುವವರು ಹೂಡಬಹುದು, ಆದರೆ ಕೊನೆಯ ಮಾತು ಸದಸ್ಯರದು. 2024ರಲ್ಲಿ ಅಲ್ಲಿನ ಲೀಗ್ ಹೊರಗಿನ ಹೂಡಿಕೆದಾರರನ್ನು ತರೋಕೆ ಹೊರಟಾಗ ಅಭಿಮಾನಿಗಳು ಪಂದ್ಯದ ನಡುವೆ ಮೈದಾನಕ್ಕೆ ಟೆನಿಸ್ ಚೆಂಡು, ಚಾಕೊಲೇಟ್ ನಾಣ್ಯ ಎಸೆದರು. ಪಂದ್ಯಗಳು ನಿಂತು ನಿಂತು ಸಾಗಿದವು. ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು.

ಇಂಗ್ಲೆಂಡಿನಲ್ಲಿ 2002ರಲ್ಲಿ ವಿಂಬಲ್ಡನ್ ಎಂಬ ಫುಟ್‌ಬಾಲ್ ಕ್ಲಬ್ ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ಹೋಗಲು ಅನುಮತಿ ಪಡೆಯಿತು. ಊರಿನ ಅಭಿಮಾನಿಗಳು ತಮ್ಮದೇ ಹೊಸ ಕ್ಲಬ್ ಕಟ್ಟಿದರು, ಬಯಲಿನಲ್ಲಿ ಆಟಗಾರರ ಆಯ್ಕೆ ನಡೆಸಿದರು. ತಳದ ಲೀಗ್‌ಗಳಿಂದ ಏರುತ್ತಾ 2011ರಲ್ಲಿ ವೃತ್ತಿಪರ ಲೀಗ್ ತಲುಪಿದರು, 2020ರಲ್ಲಿ ತಮ್ಮ ಹಳೆಯ ಬೀದಿಗೇ ಮರಳಿದರು. 2021ರ ಏಪ್ರಿಲ್‌ನಲ್ಲಿ ಯುರೋಪಿನ 12 ಶ್ರೀಮಂತ ಕ್ಲಬ್‌ಗಳು ಸೇರಿ ತಮ್ಮದೇ ಸೂಪರ್ ಲೀಗ್ ಘೋಷಿಸಿದಾಗ ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನದಲ್ಲಿ ಆರೂ ಇಂಗ್ಲಿಷ್ ಕ್ಲಬ್‌ಗಳು ಹಿಂದೆ ಸರಿದವು. ಆ ಸಿಟ್ಟಿನ ಫಲವಾಗಿ 2025ರ ಜುಲೈನಲ್ಲಿ ಕಾನೂನೇ ಬಂತು. ಫುಟ್‌ಬಾಲ್‌ಗೆ ಸ್ವತಂತ್ರ ನಿಯಂತ್ರಕರು ನೇಮಕವಾದರು, ಲಾಂಛನ ಮತ್ತು ಬಣ್ಣದಂಥ ವಿಷಯದಲ್ಲಿ ಅಭಿಮಾನಿಗಳ ಮಾತಿಗೆ ಕಾನೂನಿನ ಬಲ ಸಿಕ್ಕಿತು.

ಇದೆಲ್ಲ ಹೊರದೇಶದ ಮಾತು ಅನ್ನಬೇಡಿ. ಕೋಲ್ಕತ್ತದ ಮೋಹನ್ ಬಗಾನ್ 1889ರಲ್ಲಿ ಹುಟ್ಟಿದ ಕ್ಲಬ್. 2020ರಲ್ಲಿ ಹೊಸ ಮಾಲೀಕರು ಅದರ ಹೆಸರಿನ ಹಿಂದೆ ತಮ್ಮ ಹಳೆಯ ತಂಡದ ಮೂರಕ್ಷರ ಸೇರಿಸಿ ಎಟಿಕೆ ಮೋಹನ್ ಬಗಾನ್ ಅಂದರು. ಅಭಿಮಾನಿಗಳು ಒಪ್ಪಲಿಲ್ಲ. ಆ ಮೂರಕ್ಷರ ತೆಗೆಯಿರಿ ಅಂತ ಪಟ್ಟು ಹಿಡಿದರು. 2023ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನೇ ಫೈನಲ್‌ನಲ್ಲಿ ಸೋಲಿಸಿದ ರಾತ್ರಿ ಮಾಲೀಕ ಸಂಜೀವ್ ಗೋಯೆಂಕಾ ಆ ಮೂರಕ್ಷರ ತೆಗೆಯುವುದಾಗಿ ಪ್ರಕಟಿಸಿದರು. ಲಕ್ನೋ ತಂಡಕ್ಕೆ 7,090 ಕೋಟಿ ಕೊಟ್ಟದ್ದು ಇದೇ ಗೋಯೆಂಕಾ ಅವರ ಸಮೂಹ. ಅಷ್ಟು ದೊಡ್ಡ ದುಡ್ಡೂ ಅಭಿಮಾನಿಗಳ ಒಗ್ಗಟ್ಟಿಗೆ ಬಗ್ಗುತ್ತೆ.

ಮಾಲೀಕರೆಲ್ಲ ಕೆಟ್ಟವರು ಅಂತಲೂ ನಾನು ಹೇಳುತ್ತಿಲ್ಲ. 2018ರಲ್ಲಿ ಕಾವೇರಿ ಹೋರಾಟದ ಕಾರಣ ಚೆನ್ನೈನ ಪಂದ್ಯಗಳು ಪುಣೆಗೆ ಹೋದಾಗ, ಚೆನ್ನೈ ಫ್ರಾಂಚೈಸಿ ತನ್ನ ಅಭಿಮಾನಿಗಳಿಗಾಗಿ ಒಂದು ರೈಲನ್ನೇ ಮಾಡಿ ಪುಕ್ಕಟೆಯಾಗಿ ಪುಣೆಗೆ ಕರೆದೊಯ್ದಿತು. ಅದು ಪ್ರಚಾರಕ್ಕೂ ಆಯಿತು, ಇರಲಿ. ಕೊಟ್ಟ ಪ್ರೀತಿಗೆ ಒಂದು ರೈಲಾದರೂ ಬಂತಲ್ಲ. ನಮ್ಮ ಆರ್‌ಸಿಬಿಯೂ 2024ರಲ್ಲಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಆಯಿತು. ಅದು ಅಭಿಮಾನಿಗಳ ವರ್ಷಗಳ ಒತ್ತಾಯಕ್ಕೆ ಸಿಕ್ಕ ಮನ್ನಣೆ. ಕೇಳಿದರೆ ಸಿಗುತ್ತೆ ಅನ್ನೋದಕ್ಕೆ ಅದೂ ಒಂದು ಸಾಕ್ಷಿ.

ಹಾಗಾದರೆ ಏನು ಕೇಳೋಣ? ನಾಲ್ಕೇ ಮಾತು.

ಒಂದು, ಪ್ರತಿ ಫ್ರಾಂಚೈಸಿಗೂ ನೋಂದಾಯಿತ ಅಭಿಮಾನಿಗಳ ಮಂಡಳಿ ಇರಲಿ. ತಂಡದ ಹೆಸರು, ಬಣ್ಣ, ಊರು ಮುಟ್ಟುವ ಮುನ್ನ ಅದರ ಒಪ್ಪಿಗೆ ಕಡ್ಡಾಯವಾಗಲಿ. ಮಾರಾಟದ ಒಪ್ಪಂದದಲ್ಲೇ ಬಿಸಿಸಿಐ ಇದನ್ನು ಸೇರಿಸಬಹುದು. ಎರಡು, ಟಿಕೆಟ್‌ಗಳಲ್ಲಿ ಒಂದು ಪಾಲು ಕಾಲೇಜು ಹುಡುಗರು, ಆಟೋ ಓಡಿಸೋರು ಕೊಳ್ಳಬಹುದಾದ ದರಕ್ಕೆ ಮೀಸಲಿರಲಿ. ಮೂರು, ಸುರಕ್ಷತಾ ಯೋಜನೆಗೆ ಪೊಲೀಸರ ಲಿಖಿತ ಒಪ್ಪಿಗೆ ಸಿಗುವವರೆಗೆ ಯಾವ ತಂಡವೂ ಜನರನ್ನು ಬನ್ನಿ ಅಂತ ಕರೆಯದಿರಲಿ. ಕರೆದರೆ, ಕರೆದವರೇ ಹೊಣೆ. ನಾಲ್ಕು, ಚಿನ್ನಸ್ವಾಮಿಯಲ್ಲಿ ಆ ಹನ್ನೊಂದು ಜನರ ಹೆಸರು ಕಣ್ಣಿಗೆ ಕಾಣುವ ಜಾಗದಲ್ಲಿ ಶಾಶ್ವತವಾಗಿ ಇರಲಿ. ಮಾಲೀಕರು ಎಷ್ಟು ಸಲ ಬದಲಾದರೂ ಹೊಸಬರು ಆ ಹೆಸರುಗಳನ್ನು ದಾಟಿಯೇ ಒಳಗೆ ಹೋಗಬೇಕು.

ಇದನ್ನು ಕೇಳಬೇಕಾದವರು ನಾವೇ. ಹಾಗಂತ ತಂಡವನ್ನು ಪ್ರೀತಿಸಬೇಡಿ ಅಂತ ನಾನು ಹೇಳಲ್ಲ, ಹೇಳಿದರೂ ನೀವು ಕೇಳೋದಿಲ್ಲ. ಮುಂದಿನ ಸೀಸನ್ ಬರುತ್ತೆ, ಬೀರುವಿನಿಂದ ಕೆಂಪು ಜೆರ್ಸಿ ಹೊರಬರುತ್ತೆ, ನಮ್ಮ ಪರದೆಯ ಮೇಲೂ ಆರ್‌ಸಿಬಿ ಆರ್‌ಸಿಬಿ ಅನ್ನೋ ಕೂಗು ಏಳುತ್ತೆ. ಏಳಲಿ. ಆ ಕೂಗಿನ ಜೊತೆಗೆ ಈ ನಾಲ್ಕು ಮಾತೂ ಸೇರಲಿ. ಹದಿನೇಳು ಸೀಸನ್ ಸೋಲಿಗೆ ಹೆದರದವರು ಒಂದು ಪ್ರಶ್ನೆ ಕೇಳೋಕೆ ಯಾಕೆ ಹೆದರಬೇಕು ಹೇಳಿ?